ಶಾಹಿದಾ ಟೀಚರ್ ಮತ್ತು ಇಪ್ಪತ್ತೇಳು ಗುಂಟೆ

ಶಾಹಿದಾ ಟೀಚರ್ ಕಂಪ್ಯೂಟರ್ ಮುಂದೆ ಕುಳಿತರೆ ಬಲಗೈಯಲ್ಲಿ ಮೌಸ್, ಎಡಗೈಯಲ್ಲಿ ಯಾರದೋ ಹಳೆಯ ಮದುವೆ ಕಾರ್ಡು. ಕಾರ್ಡಿನ ನಡುವೆ, ವಧುವರರ ಹೆಸರಿದ್ದ ಜಾಗದಲ್ಲಿ, ಬ್ಲೇಡಿನಿಂದ ಅಡ್ಡಕ್ಕೆ ಒಂದು ಉದ್ದನೆಯ ಕಿಂಡಿ ಕೊರೆದಿದ್ದರು. ಪರದೆಯ ಮೇಲೆ ಕೆಂಪಕ್ಷರದಲ್ಲಿ ತಪ್ಪಿನ ಸಂದೇಶ ಬಂತೆಂದರೆ ಈ ಕಾರ್ಡನ್ನು ಅದಕ್ಕೆ ಅಡ್ಡ ಹಿಡಿಯುತ್ತಿದ್ದರು. ಕಿಂಡಿಯಲ್ಲಿ ಒಂದೇ ಸಾಲು ಕಾಣುತ್ತಿತ್ತು. ಆ ಸಾಲನ್ನು ಪೂರ್ತಿ, ಬಾಯಿಬಿಟ್ಟು ಓದುವ ತನಕ ಕಾರ್ಡು ಕೆಳಗೆ ಸರಿಯುತ್ತಿರಲಿಲ್ಲ.

"ಬಸಣ್ಣಾರ, ಓದ್ರಿ."

"ಓದೀನ್ರಿ ಟೀಚರ್."

"ನೀವು ಓದಿಲ್ಲ, ನೋಡೀರಿ. ನೋಡೂದು ಬ್ಯಾರೆ, ಓದೂದು ಬ್ಯಾರೆ."

ನಲವತ್ತಾರು ವರ್ಷದ ನನ್ನನ್ನು, ಗಂಗಾವತಿ ಸುತ್ತಮುತ್ತ ಇಪ್ಪತ್ತು ಕಟಾವು ಮಷಿನ್‌ಗಳ ಪಾಳಿ ನೋಡಿಕೊಳ್ಳುವ ಮನುಷ್ಯನನ್ನು, ಅವರು ಒಂದನೇ ಇಯತ್ತೆಯ ಹುಡುಗನಂತೆ ಓದಿಸುತ್ತಿದ್ದರು. ನಾನು ಓದುತ್ತಿದ್ದೆ.

ಕುಕನೂರಿನ ಬಜಾರಿನಲ್ಲಿ ಒಂದು ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ಅವರ ಟೈಪಿಂಗ್ ಕ್ಲಾಸು ಇತ್ತು. ಅವರ ಹತ್ತಿರ ಬೆರಳು ಮುರಿಸಿಕೊಳ್ಳದ ಗುಮಾಸ್ತ ನಮ್ಮ ಕಡೆ ಸಿಗುವುದು ಕಷ್ಟ. ಟೈಪ್‌ರೈಟರ್‌ಗಳ ಕಾಲ ಮುಗಿದಾಗ ಅವರು ಬಾಗಿಲು ಹಾಕಲಿಲ್ಲ. ಮಷಿನ್‌ಗಳಿಗೆ ಹಳೆಯ ಬೆಡ್‌ಶೀಟ್ ಹೊದಿಸಿ ಗೋಡೆಗೆ ಸರಿಸಿ, ನಲವತ್ತು ದಾಟಿದ ಮೇಲೆ ಪುಸ್ತಕ ತರಿಸಿಕೊಂಡು ಪ್ರೋಗ್ರಾಮ್ ಬರೆಯಲು ಕಲಿತರು. ದುಪ್ಪಟ್ಟಾಕ್ಕೆ ಎರಡು ಪಿನ್ನು, ಬಾಯಲ್ಲಿ ಒಂದು ಏಲಕ್ಕಿ, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಚಹಾ ಯಾವಾಗಲೂ ಬಸಿಯಲ್ಲೇ. ಕಪ್ಪಿನಲ್ಲಿ ಕುಡಿದರೆ ಮುಗಿದದ್ದು ಗೊತ್ತಾಗುವುದಿಲ್ಲ ಎನ್ನುತ್ತಿದ್ದರು.

ನನ್ನ ಬಗ್ಗೆಯೂ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ಅವರು ಪಟ್ಟ ಪಾಡು ತಿಳಿಯುವುದಿಲ್ಲ. ನಾನು ಯಲಬುರ್ಗಾದವನು, ಈಗ ಇರುವುದು ಕೊಪ್ಪಳದಲ್ಲಿ. ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಮೊಬೈಲ್ ಮಾರುತ್ತ ಶುರು ಮಾಡಿದವನು. ಚೌಕಾಶಿ ಮಾಡದೆ ನಾನು ಒಂದು ಕಟ್ಟು ಕೊತ್ತಂಬರಿಯನ್ನೂ ತಂದಿಲ್ಲ. ಡಾಕ್ಟರು ಐದು ದಿನದ ಗುಳಿಗೆ ಬರೆದರೆ "ಮೂರಕ್ಕ ಮುಗಸ್ರಿ ಸಾಹೇಬ್ರ" ಎಂದವನು. ಜೊತೆಗೆ, ಕೇಳದಿದ್ದರೂ ಸಲಹೆ ಕೊಡುವ ಚಟವಿದೆ. ಈ ಬರಹದಲ್ಲೂ ಅದು ಬರುತ್ತದೆ. ಸಹಿಸಿಕೊಳ್ಳಬೇಕು.

ಭತ್ತದ ಸುಗ್ಗಿಯಲ್ಲಿ ಹೊರರಾಜ್ಯದಿಂದ ಬರುವ ಕಟಾವು ಮಷಿನ್‌ಗಳನ್ನು ಯಾವ ದಿನ ಯಾರ ಗದ್ದೆಗೆ ಕಳಿಸಬೇಕೆಂದು ಗೊತ್ತು ಮಾಡುವುದು ನನ್ನ ಕೆಲಸ. ಪಾಳಿ ಒಂದು ತಾಸು ಆಚೀಚೆಯಾದರೂ ರೈತರು ನನ್ನ ಮನೆತನದ ಚರಿತ್ರೆಯನ್ನೆಲ್ಲ ಹೇಳಿಬಿಡುತ್ತಾರೆ. ಈ ಧಂದೆಯಲ್ಲಿ ನನಗೆ ಮಷಿನ್ ಸ್ವಂತದ್ದಿಲ್ಲ, ಗದ್ದೆ ಸ್ವಂತದ್ದಿಲ್ಲ. ಇರುವುದು ಪಾಳಿ ತಪ್ಪಿಸುವುದಿಲ್ಲ ಎಂಬ ಹೆಸರೊಂದೇ. ಆ ಪಾಳಿಯನ್ನು ಡ್ರೈವರುಗಳ ಫೋನಿಗೇ ಕಳಿಸುವ ಒಂದು ಆ್ಯಪ್ ಬೇಕೆಂದು ಟೀಚರ್ ಹತ್ತಿರ ಹೋದೆ.

"ಎರಡು ತಿಂಗಳು ಬೇಕಾಗ್ತೈತ್ರಿ" ಎಂದರು.

ನಾನು ಫೋನು ತೆಗೆದು ಒಂದು ವಿಡಿಯೋ ತೋರಿಸಿದೆ. ಅದರಲ್ಲಿ ಒಬ್ಬ ಗಡ್ಡದವನು ಹೊಸ ಫ್ರೇಮ್‌ವರ್ಕ್ ಒಂದು ಬಂದಿದೆ, ಹತ್ತೇ ದಿನದಲ್ಲಿ ಆ್ಯಪ್ ಮಾಡಬಹುದು ಎನ್ನುತ್ತಿದ್ದ. ಫ್ರೇಮ್‌ವರ್ಕ್ ಎಂದರೆ ಅರ್ಧ ಕಟ್ಟಿಟ್ಟ ಮನೆ. ಗೋಡೆ, ಕಿಟಕಿ, ಬಾಗಿಲು ಅವರದು. ಒಳಗಿನ ಸಂಸಾರ ನಮ್ಮದು. ಅರ್ಧ ಕೆಲಸ ಆಗಿರುವ ಮಾಲು ಪುಕ್ಕಟೆ ಸಿಗುತ್ತಿದ್ದರೆ ಬಿಡುವವನು ನಾನಲ್ಲ.

ಟೀಚರ್ ವಿಡಿಯೋವನ್ನು ಕೊನೆಯವರೆಗೂ ನೋಡಿದರು. "ಬಸಣ್ಣಾರ, ಈ ಮನಷ್ಯಾ ಹತ್ತು ದಿನದಾಗ ಮಾಡಿದ್ದು ಹತ್ತು ಹೆಸರಿನ ಒಂದು ಪಟ್ಟಿ. ನಿಮಗ ಬೇಕಾಗಿದ್ದು ಸುಗ್ಗಿ."

"ಒಂದು ತಿಂಗಳು ಅನ್ರಿ ಟೀಚರ್. ನನ್ನ ಮಾತಿಗೆ."

ಅವರು ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. "ಆತು. ಆದ್ರ ಇದು ನನಗೂ ಹೊಸದು, ನಿಮಗೂ ಹೊಸದು. ಆರಿಸಿದಾವ್ರು ನೀವು. ಬಾಜೂಕ ಕುಂತು ನೀವೂ ಕಲೀಬೇಕು."

ಹೀಗೆ ಒಂದು ತಿಂಗಳು ಗಿಟ್ಟಿಸಿದ ಖುಷಿಯಲ್ಲಿ ನಾನು ವಿದ್ಯಾರ್ಥಿಯಾದೆ.

ಮುಂದಿನ ದಿನಗಳನ್ನು ನೆನೆದರೆ ಈಗಲೂ ಕುತ್ತಿಗೆ ಹಿಡಿಯುತ್ತದೆ. ಆ ಫ್ರೇಮ್‌ವರ್ಕ್ ಕಂಪ್ಯೂಟರಿನೊಳಗೆ ಬರಬೇಕಾದರೆ ಇನ್ನೊಂದು ಬೇಕೆಂದಿತು. ಆ ಇನ್ನೊಂದಕ್ಕೆ ಮತ್ತೊಂದು. ಬೀಗರು ಬಂದಂತೆ ಒಬ್ಬೊಬ್ಬರೂ ತಮ್ಮವರನ್ನು ಕರೆತಂದರು. ಎಲ್ಲರೂ ಬಂದು ಕೂತರು ಎನ್ನುವಷ್ಟರಲ್ಲಿ ಹೊಸ ಆವೃತ್ತಿ ಬಂತು, ಹಳೆಯವರು ಹೊಸಬರ ಜೊತೆ ಮಾತು ಬಿಟ್ಟರು. ಪುಸ್ತಕದಲ್ಲಿದ್ದದ್ದು ಪರದೆಯ ಮೇಲಿರಲಿಲ್ಲ. ಪರದೆಯ ಮೇಲಿದ್ದದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಟೀಚರ್ ನನಗೆ ಮನೆಯಲ್ಲಿ ಮಾಡಲು ಒಂದು ಸಣ್ಣ ಪಾಠ ಕೊಟ್ಟಿದ್ದರು: ರೈತನ ಹೆಸರು ತೋರಿಸುವ ಒಂದು ಪುಟ. ನಾನು ಮಾಡಿದೆ. ಬಿಳಿ ಪರದೆ ಬಂತು. ಹೆಸರಿಲ್ಲ, ಏನೂ ಇಲ್ಲ. ಲ್ಯಾಪ್‌ಟಾಪ್ ಬಂದ್ ಮಾಡಿ ಚಾಲೂ ಮಾಡಿದೆ. ವೈರು ಬದಲಾಯಿಸಿದೆ. ಕೆಂಪಕ್ಷರದ ಮೊದಲ ಮೂರು ಶಬ್ದಗಳನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ, ಸಿಕ್ಕ ಉತ್ತರಗಳನ್ನೆಲ್ಲ ಒಂದರ ಮೇಲೊಂದು ಅಂಟಿಸಿದೆ. ಆ ಫ್ರೇಮ್‌ವರ್ಕಿನವರು ಪ್ರಶ್ನೆ ಕೇಳಲು ನಡೆಸುವ ಜಾಲತಾಣದಲ್ಲಿ, "ನನ್ನ ಹತ್ತಿರ ಇಪ್ಪತ್ತು ಮಷಿನ್ ಇವೆ, ನನ್ನದು ಮೊದಲು ನೋಡಿ" ಎಂದು ಬರೆದೆ. ಯಾವುದೋ ದೇಶದ ಪುಣ್ಯಾತ್ಮ, ತಪ್ಪಿನ ಸಂದೇಶ ತೋರಿಸಿ ಎಂದು ಉತ್ತರಿಸಿದ. ಪರದೆಯ ಫೋಟೋ ತೆಗೆದು ಕಳಿಸಿದೆ. ಮುಖ್ಯವಾದ ಸಾಲಿನ ಮೇಲೆ ನನ್ನ ಹೆಬ್ಬೆರಳಿತ್ತು.

ಮೂರನೇ ದಿನ ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಕೊಪ್ಪಳದಿಂದ ಬಸ್ ಹತ್ತಿ ಕುಕನೂರಿಗೆ ಹೋದೆ. "ಇದು ಸುಳ್ಳು ಫ್ರೇಮ್‌ವರ್ಕ್ ಟೀಚರ್. ಮೋಸ ಐತಿ ಇದರಾಗ."

"ಮಷಿನ್ ಸುಳ್ಳು ಹೇಳಂಗಿಲ್ರಿ. ಅದಕ್ಕ ಅಷ್ಟು ಶಾಣ್ಯಾತನ ಎಲ್ಲೈತಿ." ಕಾರ್ಡು ಬಂತು. ಒಂದೊಂದೇ ಸಾಲು ಓದಿಸಿದರು. ಹದಿನೇಳನೇ ಸಾಲಿಗೆ ನಾನೇ ನಿಂತುಬಿಟ್ಟೆ. ಇಂಥ ಹೆಸರಿನ ಫೋಲ್ಡರ್ ಸಿಗುತ್ತಿಲ್ಲ ಎಂದು ಅಚ್ಚ ಸರಳವಾಗಿ ಬರೆದಿತ್ತು. ನಾನು ಫೋಲ್ಡರಿಗೆ ಕನ್ನಡದಲ್ಲಿ, ನಡುನಡುವೆ ಜಾಗ ಬಿಟ್ಟು, 'ಹೊಸಾದು ಛಲೋದು ಕಡೀದು' ಎಂದು ಹೆಸರಿಟ್ಟಿದ್ದೆ. ಅದು ಆ ಹೆಸರನ್ನು ಮೊದಲ ಶಬ್ದಕ್ಕೇ ಕತ್ತರಿಸಿಕೊಂಡು ಹುಡುಕುತ್ತಿತ್ತು.

"ಪಾಪ, ಮೂರು ದಿನದಿಂದ ಅದು ಒಂದ ಮಾತು ಹೇಳಾಕತ್ತೈತಿ" ಎಂದರು ಟೀಚರ್. "ನೀವು ಊರಿಗೆಲ್ಲಾ ಕೇಳೀರಿ, ಅದನ್ನೊಂದು ಬಿಟ್ಟು."

ಹೊಸದೇನಾದರೂ ಕಲಿಯುವವರಿಗೆ ನನ್ನ ಮೊದಲ ಸಲಹೆ ಇದು. ಬಿಟ್ಟಿ ಸಲಹೆ ಎಂದು ಹಗುರಾಗಿ ತೆಗೆದುಕೊಳ್ಳಬೇಡಿ, ನನಗೆ ಮೂರು ದಿನ ಮತ್ತು ಒಂದು ಒಳ್ಳೆಯ ವೈರು ಹಿಡಿದಿದೆ.

ಎರಡನೆಯ ಸಲಹೆ ಕೊಡಲು ಸ್ವಲ್ಪ ಸಂಕೋಚವಿದೆ.

ಗದ್ದೆಯ ಅಳತೆ ಬರೆಯುವ ಜಾಗದಲ್ಲಿ ಎರಡು ಖಾನೆ ಇರಲಿ, ಒಂದು ಎಕರೆಗೆ, ಒಂದು ಗುಂಟೆಗೆ ಎಂದು ಟೀಚರ್ ಹೇಳಿದ್ದರು. ನನಗೆ ಒಂದೇ ಖಾನೆ ಬೇಕಾಗಿತ್ತು. ವಿಡಿಯೋದ ಗಡ್ಡದವನದು ಒಂದೇ ಇತ್ತು, ನೋಡಲು ಚೆಂದ ಕಾಣುತ್ತಿತ್ತು. ನಮ್ಮ ಪಹಣಿಯಲ್ಲೂ ಎರಡು ಎಕರೆ ಮೂವತ್ತು ಗುಂಟೆಯನ್ನು ಎರಡು ಹಾಕಿ, ಚುಕ್ಕೆ ಇಟ್ಟು, ಮೂವತ್ತು ಎಂದೇ ಬರೆಯುತ್ತಾರಲ್ಲ ಎಂದು ವಾದಿಸಿದೆ. ಅವರು ಎರಡು ಸಲ ಬೇಡವೆಂದರು. ನಾನು ಮೂರು ಸಲ ಬೇಕೆಂದೆ. "ಆತು ತಗೋರಿ, ನಿಮ್ಮ ಆ್ಯಪ್" ಎಂದರು.

ಸುಗ್ಗಿ ಬಂತು. ಮೊದಲ ನಾಲ್ಕು ದಿನ ಪಾಳಿ ಗಡಿಯಾರದಂತೆ ನಡೆಯಿತು. ನಾನು ಕಂಡವರಿಗೆಲ್ಲ ಫೋನು ತೋರಿಸಿದೆ. ಆ್ಯಪನ್ನು ಮುಕ್ಕಾಲು ಪಾಲು ನಾನೇ ಮಾಡಿದ್ದು ಎಂದು ಹೇಳುತ್ತ, ಗಂಗಾವತಿ ಮುಟ್ಟುವಷ್ಟರಲ್ಲಿ ಪೂರ್ತಿ ನಾನೇ ಮಾಡಿದ್ದಾಗಿತ್ತು. ಐದನೇ ದಿನ ನಾನು ಟೀಚರ್ ಕ್ಲಾಸಿನಲ್ಲಿ ಕೂತಿದ್ದಾಗ ವೆಂಕಟರಾವ್ ಫೋನ್ ಮಾಡಿದರು. ಗಂಗಾವತಿ ಹತ್ತಿರದ ಒಂದು ಕ್ಯಾಂಪಿನ ರೈತರು, ಹತ್ತು ವರ್ಷದಿಂದ ನನ್ನ ಗಿರಾಕಿ. ಕಾಲುವೆ ನೀರಿಗೆಂದು ಹೊರಗಿನಿಂದ ಬಂದವರು ಕಟ್ಟಿಕೊಂಡ ಊರಿಗೆ ನಮ್ಮ ಕಡೆ ಕ್ಯಾಂಪ್ ಎನ್ನುತ್ತಾರೆ.

"ಬಸವರಾಜ್, ನಿಮ್ಮ ಮಷಿನ್ ನನ್ನ ಗದ್ದಿ ಅರ್ಧಂಬರ್ಧ ಕೊಯ್ದು ಹೋಗೇತಿ. ಇನ್ನೂ ಇಪ್ಪತ್ತೇಳು ಗುಂಟೆ ನಿಂತೈತಿ. ಯಾಕಂತ ಕೇಳಿದ್ರ ಡ್ರೈವರ್ ಫೋನ್ ತೋರಸ್ತಾನ, ಟೈಮ್ ಆತು, ಮುಂದಿನ ಪಾಳಿ ಅಂತಾನ. ಅವಗ ನಮ್ಮ ಭಾಷಾ ಬರಂಗಿಲ್ಲ. ಮ್ಯಾಲ ಮೋಡ ಆಗೇತಿ."

ಮಷಿನ್ ಆಗಲೇ ಮುಂದಿನ ಊರಲ್ಲಿತ್ತು. ಅದು ತಿರುಗಿ ಬರಲು ನಾಲ್ಕು ದಿನ ಬೇಕು. ಆ ಕ್ಷಣದಲ್ಲಿ ನನ್ನ ಹೆಸರು ಉಳಿಸಿಕೊಳ್ಳಲು ಬಾಯಿಗೆ ಬಂದದ್ದನ್ನು ಹೇಳಿದೆ: "ಅದು ನನ್ನದಲ್ರಿ ಯಜಮಾನ್ರ. ಬರದಾವ್ರು ಕುಕನೂರಿನ ಟೀಚರ್. ಅವರ ಕಡೆಯಿಂದ ಏನೋ ತಪ್ಪಾಗೇತಿ."

ಟೀಚರ್ ನನ್ನಿಂದ ಎರಡು ಮೊಳ ದೂರದಲ್ಲಿದ್ದರು. ತಲೆ ಎತ್ತಲಿಲ್ಲ. ಬಸಿಯಲ್ಲಿದ್ದ ಚಹಾ ಮುಗಿಸಿದರು.

"ವೆಂಕಟರಾವ್ ಅವರದು ಎಷ್ಟು ಗದ್ದಿ?"

"ಎರಡು ಎಕರೆ ಮೂವತ್ತು ಗುಂಟೆ."

"ಬರೀರಿ."

ಬರೆದೆ. ಎರಡು, ಚುಕ್ಕೆ, ಮೂವತ್ತು. ಗುಂಡಿ ಒತ್ತಿದೆ. ಪರದೆಯ ಮೇಲೆ ಎರಡು, ಚುಕ್ಕೆ, ಮೂರು ಎಂದು ಬಂತು. ಕೊನೆಯ ಸೊನ್ನೆ ಇರಲಿಲ್ಲ.

"ಈ ಫ್ರೇಮ್‌ವರ್ಕಿಗೆ ಚುಕ್ಕಿ ಮುಂದಿನ ಕಡೀ ಸೊನ್ನಿ ಅಂದ್ರ ಕಸ" ಎಂದರು ಟೀಚರ್. "ಹೊಡದು ಹಾಕ್ತೈತಿ. ಎಕರೆಕ್ಕ ನಲವತ್ತು ಗುಂಟೆ ಅಂತ ಅದಕ್ಕೇನ್ ಗೊತ್ತು? ಮೂವತ್ತು ಗುಂಟೆ ಹೋಗಿ ಮೂರು ಆತು. ನಾವು ಬರದ ಲೆಕ್ಕ ಆ ಮೂರು ಗುಂಟೆಗೆ ಟೈಮ್ ಕೊಡ್ತು."

ಮೊದಲ ನಾಲ್ಕು ದಿನದ ಗದ್ದೆಗಳಲ್ಲಿ ಹತ್ತು, ಇಪ್ಪತ್ತು, ಮೂವತ್ತು ಗುಂಟೆಯವು ಒಂದೂ ಇರಲಿಲ್ಲ. ನನ್ನ ಜಾಣತನಕ್ಕೆ ಸಾಕ್ಷಿ ಎಂದುಕೊಂಡಿದ್ದು ಬರೀ ಅದೃಷ್ಟವಾಗಿತ್ತು.

"ಎರಡು ಖಾನೆ ಅಂದಿದ್ರಿ" ಎಂದೆ.

"ಅಂದಿದ್ದೆ." ಅವರು ಕನ್ನಡಕ ಏರಿಸಿಕೊಂಡರು. "ಖಾನೆ ನಾ ಮಾಡ್ತೀನಿ, ಸಂಜೀ ಮಟ ಆಗ್ತೈತಿ. ವೆಂಕಟರಾವ್ ಅವರಿಗೆ ನೀವು ಹೇಳ್ರಿ."

"ಏನಂತ?"

"ಇದ್ದದ್ದು."

ಸಂಜೆಗೆ ಖಾನೆ ಎರಡಾದವು. ಆಮೇಲೆ ಆ ಸುಗ್ಗಿಯಲ್ಲಿ ಒಂದು ಪಾಳಿಯೂ ತಪ್ಪಲಿಲ್ಲ. ಆದರೆ ನಡುವಿನ ನಾಲ್ಕು ದಿನದಲ್ಲಿ ಗಾಳಿಮಳೆ ಬಂದು ವೆಂಕಟರಾವ್ ಅವರ ಇಪ್ಪತ್ತೇಳು ಗುಂಟೆ ಭತ್ತ ನೆಲಕ್ಕೆ ಮಲಗಿತು.

ನಾನು ಹೇಳಲೆಂದೇ ಕ್ಯಾಂಪಿಗೆ ಹೋದೆ. ಗದ್ದೆಯ ಬದುವಿನ ಮೇಲೆ ನಿಂತು, ಕೆಸರಿಗೆ ಬಿದ್ದ ತೆನೆ ನೋಡಿದೆ. ದಾರಿಯುದ್ದಕ್ಕೂ ನನ್ನ ಜೊತೆ ನಾನೇ ಚೌಕಾಶಿ ಮಾಡುತ್ತ ಬಂದಿದ್ದೆ. ಪೂರ್ತಿ ಹೇಳುವುದೆಂದು ಹೊರಟವನು ಕಾರಟಗಿ ರಸ್ತೆಗೆ ಬರುವಷ್ಟರಲ್ಲಿ ಅರ್ಧಕ್ಕೆ ಇಳಿದಿದ್ದೆ. ಬದುವಿನ ಮೇಲೆ ನನ್ನ ಬಾಯಿಂದ ಬಂದದ್ದು ಇಷ್ಟು: "ಈಗ ಎಲ್ಲಾ ಸರಿ ಮಾಡೇವ್ರಿ ಯಜಮಾನ್ರ. ಇನ್ನ ಹಿಂಗಾಗಂಗಿಲ್ಲ."

ಮರುದಿನ ಟೀಚರ್ ಕೇಳಿದರು. "ವೆಂಕಟರಾವ್ ಅವರಿಗೆ ಹೇಳಿದ್ರೇನ್ರಿ?"

"ಹೇಳೀನ್ರಿ."

"ಛಲೋ ಆತು" ಎಂದರು. ಅಷ್ಟೇ. ಅವರು ಇನ್ನೊಮ್ಮೆ ಕೇಳಲಿಲ್ಲ. ನನಗೆ ಅದೂ ಲಾಭವೆನಿಸಿತು.

ಮುಂದೆ ಮೂರು ವರ್ಷ ಆ್ಯಪ್ ನಡೆಯಿತು. ಪ್ರತಿ ಸುಗ್ಗಿಯ ಮೊದಲು ಟೀಚರ್ ನನ್ನ ಜೊತೆ ಕ್ಯಾಂಪುಗಳಿಗೆ ಬಂದು, ಡ್ರೈವರುಗಳ ಫೋನಿನಲ್ಲಿ ಎಲ್ಲ ಸರಿಯಿದೆಯೇ ಎಂದು ನೋಡುತ್ತಿದ್ದರು. ಬಿಸಿಲಿಗೆ ಛತ್ರಿ ಹಿಡಿದು, ಏಲಕ್ಕಿ ಅಗಿಯುತ್ತ, ಒಂದೊಂದು ಫೋನಿಗೂ ಸಮಾಧಾನವಾಗಿ ಸಮಯ ಕೊಡುತ್ತಿದ್ದರು. ನಾನು ಅವರನ್ನು ಅಲ್ಲೇ ಬಿಟ್ಟು, ಪಾಳಿ ಬರೆದುಕೊಳ್ಳಲು ಮನೆಮನೆ ತಿರುಗಿ ಬರುತ್ತಿದ್ದೆ. ನಾನು ಅವಸರ ಮಾಡಿದರೆ "ಜರಾ ಸಬೂರ್ ಮಾಡ್ರಿ" ಎನ್ನುತ್ತಿದ್ದರು. ಕಳೆದ ವರ್ಷ ಬೇಸಿಗೆಯಲ್ಲಿ ಅವರಿಗೆ ಕಾಮಾಲೆಯಾಯಿತು. ಇಪ್ಪತ್ತು ದಿನವೂ ಹಿಡಿಯಲಿಲ್ಲ. ನಾನು ಕುಕನೂರು ಮುಟ್ಟಿದಾಗ ದಫನ್ ಮುಗಿದು, ಮಣ್ಣು ಮುಚ್ಚಿಯಾಗಿತ್ತು.

ನಲವತ್ತನೇ ದಿನ ಅವರ ಮನೆಗೆ ಹೋದೆ. ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಹಳೆಯ ವಿದ್ಯಾರ್ಥಿಗಳು, ಗುಮಾಸ್ತರು, ಕಾರಕೂನರು ಸಾಲಾಗಿ ಕೂತಿದ್ದರು. ಅವರ ನಡುವೆ ಬಿಳಿ ಅಂಗಿ ಹಾಕಿಕೊಂಡ ವೆಂಕಟರಾವ್. ಅಷ್ಟು ದೂರದಿಂದ ಬಂದಿದ್ದರು. ನಾನು ಅವರ ಪಕ್ಕದಲ್ಲಿ ಕೂತೆ. ಟೀಚರ್ ಅವರ ತಮ್ಮ ಬಂದು ನಮ್ಮಿಬ್ಬರಿಗೂ ಚಹಾ ಕೊಟ್ಟು ಹೋದರು.

ಹೇಳಬೇಕೆಂದು ಹೋಗಿರಲಿಲ್ಲ. ಆದರೂ ಹೇಳಿದೆ. "ಯಜಮಾನ್ರ, ಆ ವರ್ಷ ನಿಮ್ಮ ಇಪ್ಪತ್ತೇಳು ಗುಂಟೆ ಉಳಿದಿದ್ದು ನನ್ನಿಂದ. ಎರಡು ಖಾನೆ ಇರ್ಲಿ ಅಂತ ಟೀಚರ್ ಹೇಳಿದ್ರು. ನಾ ಕೇಳಲಿಲ್ಲ. ಫೋನಿನ್ಯಾಗ ಅವರ ಹೆಸರು ಹೇಳಿಬಿಟ್ಟೆ."

ವೆಂಕಟರಾವ್ ಚಹಾದ ಕಪ್ಪನ್ನು ಕುರ್ಚಿಯ ಕೆಳಗೆ ಇಟ್ಟರು.

"ಟೀಚರಮ್ಮ ನನಗ ಒಮ್ಮೆನೂ ಹೇಳಲಿಲ್ಲ" ಎಂದರು. "ಮೂರು ವರ್ಷ ಅವರು ಕ್ಯಾಂಪಿಗೆ ಬಂದಾಗೆಲ್ಲಾ, 'ಏನ್ ಟೀಚರಮ್ಮ, ಈ ಸಲನಾದ್ರೂ ಗುಂಟೆ ಲೆಕ್ಕಾ ಕಲ್ತೀರೇನು' ಅಂತ ಮಂದಿ ಮುಂದ ಚ್ಯಾಷ್ಟಿ ಮಾಡ್ತಿದ್ದೆ."

"ಅವರು ಏನಂತಿದ್ರು?"

"ಏನೂ ಇಲ್ಲ. 'ಕಲಿಯಾಕತ್ತೀನ್ರಿ' ಅಂತಿದ್ರು."

ಹಾಗಾದರೆ ನಾನು ಹೇಳಿಲ್ಲವೆಂದು ಟೀಚರ್‌ಗೆ ಮೊದಲ ವರ್ಷವೇ ಗೊತ್ತಾಗಿತ್ತು. ಅದಾದ ಮೇಲೂ ಎರಡು ಸುಗ್ಗಿಗೆ ಛತ್ರಿ ಹಿಡಿದು ನನ್ನ ಜೊತೆ ಬಂದಿದ್ದರು.