ಕಸ್ತೂರಮ್ಮ ಕೊಟ್ಟ ರಕ್ತ

ಹರಿಹರದ ಕಸ್ತೂರಮ್ಮ ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕಿದವಳಲ್ಲ. ಅಂದು ಪೂಜೆ ಮುಗಿಸಿಯೂ ತಿಂಡಿ ತಿನ್ನದೆ, ತಂಗಿ ಕೊಟ್ರವ್ವನ ಜೊತೆ ದಾವಣಗೆರೆಯ ಆಸ್ಪತ್ರೆಗೆ ಬಂದಿದ್ದಳು. ಕೊಟ್ರವ್ವನಿಗೆ ಸ್ತನ ಕ್ಯಾನ್ಸರ್. ಮುಂದಿನ ವಾರ ಆಪರೇಷನ್.

ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕಂಡಾಗ ತಂಗಿ ಮೊದಲು ತೋರಿಸಿದ್ದು ಅಕ್ಕನಿಗೇ. "ವಾಯು ಕಣೇ, ಹೆದರಬ್ಯಾಡ" ಎಂದು ಕಸ್ತೂರಮ್ಮ ಹರಳೆಲೆಗೆ ಎಣ್ಣೆ ಸವರಿ, ಬಿಸಿ ಮಾಡಿ ಕಟ್ಟಿದಳು. ಐದು ತಿಂಗಳು ಕಟ್ಟಿದಳು. ಗಂಟು ನಿಂಬೆಹಣ್ಣಿನಷ್ಟಾಯಿತು. ರೋಗದ ಹೆಸರು ತಿಳಿದ ದಿನ ತಂಗಿಯ ಮುಂದೆ ವಿಭೂತಿ ಮುಟ್ಟಿ, "ನೀನು ಹುಷಾರಾಗು, ಇವತ್ತಿಂದ ಹೊಗೆಸೊಪ್ಪು ಬಿಟ್ಟೆ" ಎಂದು ಆಣೆ ಮಾಡಿದ್ದಳು. ಆಣೆ ನಿಂತದ್ದು ಒಂಬತ್ತು ದಿನ.

ರಕ್ತ ತೆಗೆಯುವ ಕೋಣೆಯಲ್ಲಿ ಸಂಶೋಧನೆ ಮಾಡುವ ಹುಡುಗಿ ಅಂಕಿತಾ ಹೇಳಿದಳು, "ಅಮ್ಮಾರೆ, ಈ ರೋಗದಾಗ ಮೈಯೊಳಗಿನ ಜೀವಕೋಶಕ್ಕೆ ಎಷ್ಟು ಪೆಟ್ಟು ಬಿದ್ದೈತೆ, ತಡಿಯೋ ಶಕ್ತಿ ಎಷ್ಟು ಉಳಿದೈತೆ ಅಂತ ರಕ್ತದಾಗ ನೋಡ್ತೀವಿ. ಹೋಲಿಸಾಕೆ ರೋಗ ಇಲ್ಲದೋರ ರಕ್ತಾನೂ ಬೇಕು. ನೀವು ಕೊಡ್ತೀರಾ?"

ಕಸ್ತೂರಮ್ಮ ಆಗಲೇ ತೋಳು ಚಾಚಿದ್ದಳು. ತಂಗಿಗೆ ಮಾಡಿದ್ದಕ್ಕೆ ಇಷ್ಟಾದರೂ ಆಗಲಿ.

"ಹೊಗೆಸೊಪ್ಪು ಹಾಕ್ತೀರೇನ್ರಿ?"

ಕೊಟ್ರವ್ವ ಪಕ್ಕದಲ್ಲೇ ಕೂತಿದ್ದಳು.

"ಇಲ್ಲವ್ವ" ಎಂದಳು ಕಸ್ತೂರಮ್ಮ.

ಅಕ್ಕ ತಂಗಿಯರ ರಕ್ತದ ಟ್ಯೂಬುಗಳು ಒಂದರ ಪಕ್ಕ ಒಂದು ನಿಂತವು. ತಡೆಯಲಾರದೆ ಕಸ್ತೂರಮ್ಮ ಕೇಳಿದಳು, "ಹಾಕಿದ್ರೆ ಏನಾಗ್ತಿತ್ತು?"

"ಹೊಗೆಸೊಪ್ಪೂ ಅಂಥದೇ ಪೆಟ್ಟು ಕೊಡುತ್ತೆ. ಆವಾಗ ರೋಗದ್ದು ಯಾವುದು, ಸೊಪ್ಪಿಂದು ಯಾವುದು ಗೊತ್ತಾಗಲ್ರಿ. ನಮ್ಮ ಕೆಲಸಾನೇ ಕೆಡುತ್ತೆ."

ಆಸ್ಪತ್ರೆಯ ಗೇಟಿನವರೆಗೆ ಬಂದ ಕಸ್ತೂರಮ್ಮ ಅಲ್ಲೇ ನಿಂತಳು. ಸೊಂಟದ ಎಲೆಸಂಚಿಯೊಳಗಿನ ಹೊಗೆಸೊಪ್ಪು ಕೆಂಡದಂತೆ ಚುರುಗುಟ್ಟಿತು. ತಿರುಗಿ ಅದೇ ಕೋಣೆಗೆ ಹೋದಳು. ಕೊಟ್ರವ್ವನೂ ಹಿಂದೆಯೇ ಬಂದಳು.

"ಯವ್ವಾ, ನನ್ನ ರಕ್ತ ಚೆಲ್ಲಿಬಿಡು. ಇವತ್ತೂ ಹಿತ್ತಲಾಗ ನಿಂತು ಹಾಕ್ಕಂಡೇ ಬಂದೀನಿ."

ಅಂಕಿತಾ ಬೈಯಲಿಲ್ಲ. ಹಾಳೆಯ ಮೇಲಿನ ಹೆಸರಿಗೆ ಗೀಟು ಎಳೆದು, ಟ್ಯೂಬನ್ನು ಆಚೆಗಿಟ್ಟಳು.

ಹೊರಗೆ ಕೊಟ್ರವ್ವ ನಕ್ಕಳು. "ಏಲಕ್ಕಿ ಜಗಿದ್ರೆ ಹೊಗೆಸೊಪ್ಪಿನ ವಾಸನೆ ಹೋಗುತ್ತೇನಕ್ಕ? ಬಸ್ನಾಗ ನನ್ನ ಮೂಗಿನ ಪಕ್ಕದಾಗೇ ಕುಂತಿದ್ದೆಲ್ಲ!"

"ಅದಲ್ಲ ಕಣೇ... ಆ ಹರಳೆಲೆ... ಐದು ತಿಂಗಳು..."

ಕೊಟ್ರವ್ವನ ನಗು ನಿಂತಿತು. ತೋಳಿನ ಹತ್ತಿಯನ್ನು ಒತ್ತಿಕೊಂಡಳು. "ಅದನ್ನ ಈಗ ಬ್ಯಾಡಕ್ಕ. ಮೊದ್ಲು ಆಪರೇಷನ್ ಆಗ್ಲಿ."

ಹಾಗೆಂದು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಚಿಕ್ಕಂದಿನಿಂದ ಮುಂದೆ ನಡೆದವಳು ಅಕ್ಕ. ಅಂದು ಕಸ್ತೂರಮ್ಮ ಎರಡು ಹೆಜ್ಜೆ ಹಿಂದೆಯೇ ಉಳಿದಳು.