ಕರಿಕಿವಿಯ ಕುರಿ

ಬಿಸಿ ಬಿಸಿ ಜೆರಾಕ್ಸ್ ಹಾಳೆಯ ವಾಸನೆ ನನಗೆ ಇಷ್ಟ. ಇವತ್ತು ಮಾತ್ರ ಅದೇ ವಾಸನೆಗೆ ಹೊಟ್ಟೆ ಉರಿಯಿತು. ಶಿರಾದ ನನ್ನ ಅಂಗಡಿಗೆ ಕಾಲೇಜು ಹುಡುಗಿಯೊಬ್ಬಳು ಪತ್ರಿಕೆಯ ಹಾಳೆ ತಂದು, "ಐವತ್ತು ಕಾಪಿ ಆಂಟಿ, ಸಾಯಂಕಾಲ ಬರ್ತೀನಿ" ಎಂದು ಇಟ್ಟುಹೋದಳು. ಹಾಳೆಯ ತುಂಬ ನಾಗರತ್ನ ನಗುತ್ತಿದ್ದಳು. ಹುಲಿಕುಂಟೆಯಲ್ಲಿ ನಮ್ಮ ಪಕ್ಕದ ಮನೆಯವಳು, ನನ್ನ ಓರಗೆಯವಳು. ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಹುದ್ದೆಗೇರಿ, ಅದನ್ನೂ ಬಿಟ್ಟು, ಈಗ ಹೊಸ ಕಂಪನಿ ಕಟ್ಟುವವರಿಗೆ ಬಂಡವಾಳ ಹಾಕಿ ಪಾಲು ಪಡೆಯುತ್ತಾಳಂತೆ. ನಾನು ಮೆಷಿನ್ನಿನ ಇಂಕನ್ನು ಆದಷ್ಟು ತೆಳುವಾಗಿಟ್ಟೆ. ಇಷ್ಟಾದರೂ ಮಾಡದಿದ್ದರೆ ಹೇಗೆ, ನೀವೇ ಹೇಳಿ.

ಹುದ್ದೆ, ಫೋಟೋ ನನ್ನನ್ನು ಸುಡಲಿಲ್ಲ ಎಂದರೆ ಸುಳ್ಳಾದೀತು. ಆದರೆ ನಿಜವಾದ ಉರಿ ಹತ್ತಿದ್ದು ಒಂದು ಸಾಲಿಗೆ: "ಮೊದಲ ಕಂಪನಿ ಮುಳುಗಿಸಿದವರು ಬಂದು ತಪ್ಪು ನನ್ನದೇ ಎಂದರೆ ಧೈರ್ಯವಾಗಿ ಬಂಡವಾಳ ಹಾಕುತ್ತೇನೆ. ಇದನ್ನು ಕಲಿಸಿದ್ದು ನನ್ನಜ್ಜಿ." ಅವಳಜ್ಜಿಯಲ್ಲ ಸ್ವಾಮಿ, ನನ್ನಜ್ಜಿ!

ನಮ್ಮಜ್ಜಿ ಕುರಿಮರಿಗಳನ್ನು ಪಾಲಿಗೆ ಕೊಡುತ್ತಿದ್ದಳು. ಮರಿ ಅವಳದು, ಸಾಕುವ ಕಷ್ಟ ನಿಮ್ಮದು, ಮುಂದೆ ಅದು ಈದದ್ದರಲ್ಲಿ ಇಬ್ಬರಿಗೂ ಅರ್ಧರ್ಧ. ನನಗೂ ನಾಗಿಗೂ ಒಂದೊಂದು ಕೊಟ್ಟಿದ್ದಳು. ನಾವು ಕುಂಟೆಬಿಲ್ಲೆ ಆಡುತ್ತ ಮೈಮರೆತಾಗ ಎರಡೂ ಎಳೆ ಜೋಳಕ್ಕೆ ನುಗ್ಗಿ, ಕುರಿಗೆ ವಿಷವಾದ ಆ ಪೈರು ಮೇಯ್ದು ಸತ್ತವು. ನಾಗಿ ಸತ್ತ ಮರಿಯನ್ನು ಹೊತ್ತು ತಂದು, "ಆಟದಾಗೆ ಮರ್ತ್‌ಬುಟ್ಟೆ ಕಣಜ್ಜಿ" ಎಂದು ಅತ್ತಳು. ನಾನು ನನ್ನದನ್ನು ಹಳ್ಳಕ್ಕೆಸೆದು ಬಂದು, "ನಂದ್ನ ತೋಳ ಹೊತ್ಕೊಂಡೋಯ್ತು" ಎಂದೆ. ಅಜ್ಜಿ ಇಬ್ಬರನ್ನೂ ಬೈಯಲಿಲ್ಲ. ಮುಂದಿನ ತಿಂಗಳು ನಾಗಿಗೆ ಇನ್ನೊಂದು ಮರಿ ಸಿಕ್ಕಿತು. ನನಗೆ ಕೊನೆಯವರೆಗೂ ಸಿಗಲಿಲ್ಲ. ನನ್ನ ಹೊಟ್ಟೆಕಿಚ್ಚಿಗೆ ಅಷ್ಟು ವಯಸ್ಸಾಗಿದೆ.

ತಡೆಯಲಾಗದೆ ಫೋನ್ ಮಾಡಿದೆ. "ಲೇ ನಾಗಿ, ಪೇಪರ್‌ನಾಗೆ ಹೇಳಿದ್ಯಲ್ಲ, ಅವ್ಳು ಯಾರಜ್ಜಿನೇ?"

"ನಿಮ್ಮಜ್ಜಿನೇ ಕಣಮ್ಮಿ. ಬಾಯ್ತಪ್ಪಿ ಅಂದ್‌ಬುಟ್ಟೆ" ಎಂದು ನಕ್ಕಳು. ಆಮೇಲೆ ಮೆಲ್ಲಗೆ, "ಆ ತೋಳ ದಿಟವೇನೇ?" ಎಂದಳು.

ಅಂಗಡಿಯಲ್ಲಿ ಯಾರೂ ಇರಲಿಲ್ಲ. "ಇಲ್ಲ ಕಣೇ" ಎಂದೆ.

"ಅಜ್ಜಿಗೆ ಗೊತ್ತಿತ್ತು. ನಂಗೆ ಎರಡ್ನೇ ಮರಿ ಕೊಟ್ಟ ದಿನವೇ ನಿಂಗೂ ಒಂದು ಎತ್ತಿಟ್ಟಿದ್ಲು. ಆ ಕರಿಕಿವೀದು. 'ಅವ್ಳು ಬಂದು ದಿಟ ಹೇಳ್ಲಿ, ಕೊಡ್ತೀನಿ. ನೀನು ಬಾಯ್ಬುಡಬ್ಯಾಡ' ಅಂತ ಆಣೆ ಹಾಕ್ಸಿದ್ಲು."

ಕರಿಕಿವಿಯ ಆ ಕುರಿ ಯಾರ ಪಾಲಿಗೂ ಹೋಗದೆ ನಮ್ಮ ಅಂಗಳದಲ್ಲೇ ಮುದಿಯಾಯಿತು. ಇದನ್ಯಾಕೆ ಯಾರಿಗೂ ಕೊಡಲ್ಲ ಎಂದು ನಾನೂ ಒಮ್ಮೆ ಕೇಳಿದ್ದೆ. ಅಜ್ಜಿ ನನ್ನ ಮುಖವನ್ನೇ ನೋಡಿ, "ನೀನೇ ಹೇಳವ್ವ" ಎಂದಿದ್ದಳು.

ಫೋನಿಟ್ಟು ಇಂಕು ಹೆಚ್ಚಿಸಿ ಐವತ್ತನ್ನೂ ಮತ್ತೆ ಹಾಕತೊಡಗಿದೆ. ಹುಡುಗಿ ಬಂದಾಗ ಇನ್ನೂ ಮುಗಿದಿರಲಿಲ್ಲ. ಪಕ್ಕದ ತೆಳು ಹಾಳೆಗಳನ್ನು ನೋಡಿ, "ಮೆಷಿನ್ ಕೆಟ್ಟಿತ್ತಾ ಆಂಟಿ?" ಎಂದಳು. ನೆಪ ತಾನಾಗಿಯೇ ಕೈಗೆ ಬಂದಿತ್ತು.

"ಇಲ್ಲ ಕಣಮ್ಮ" ಎಂದೆ. "ಹೊಟ್ಟೆಕಿಚ್ಚಿಗೆ ನಾನೇ ಕೆಡಿಸಿದ್ದು."