ಹಿಟ್ಟಿನ ಪಾತ್ರೆಯೊಂದಿಗೆ ಟೆಸ್ಟ್ ರೈಡ್

ಕಳೆದ ಭಾನುವಾರ ಮುಲುಂಡಿನ ನಮ್ಮ ಮನೆಯಲ್ಲಿ ದೋಸೆ ಆಗಲಿಲ್ಲ ಎಂದು ತಿಳಿಸಲು ವಿಷಾದವಾಗುತ್ತದೆ. ಹಿಟ್ಟು ಬೈಕ್ ಶೋರೂಮಿಗೆ ಹೋಗಿತ್ತು.

ನನಗೆ ಬೇಕಾಗಿದ್ದದ್ದು ಹಗುರವಾದ, ಓಡಿಸಲು ಮಜಾ ಕೊಡುವ ಬೈಕ್. ತಿಂಗಳಿಗೊಮ್ಮೆ ಹಿಂದೆ ಕೂತು ಪವಾಯಿಯ ಅಣ್ಣನ ಮನೆಗೆ ದೋಸೆಹಿಟ್ಟು ಒಯ್ಯುವ ಹೆಂಡತಿಗೆ ಬೇಕಾಗಿದ್ದದ್ದು ಭದ್ರವಾದ ಸೀಟು.

"ಇದು ಸೀಟಾ ಮಾರಾಯ್ರೆ, ಮಣೆಯಾ?" ಎಂದವಳೇ ಹಿಟ್ಟಿನ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಹತ್ತಿ ಕೂತಳು. "ಚೆಲ್ಲಿದರೆ ಈ ಬೈಕ್ ಬೇಡ."

"ಮ್ಯಾಡಮ್, ಡಬ್ಬಾ ಇಲ್ಲೇ ಇಡಿ ಪ್ಲೀಸ್," ಎಂದು ಸೇಲ್ಸ್‌ಮನ್ ಅಂಗಲಾಚಿದ.

ಬೈಕ್ ಆಟೋಗಳ ನಡುವೆ ನುಸುಳಿತು, ತಿರುವಿನಲ್ಲಿ ಬಾಗಿತು, ರಸ್ತೆಯುಬ್ಬಿನ ಮೇಲೆ ಜಿಗಿಯಿತು. ಹಿಟ್ಟು ಚೆಲ್ಲಿ ನನ್ನ ಬೆನ್ನು ತಣ್ಣಗೆ ಒದ್ದೆಯಾಯಿತು. ಇನ್ನು ಈ ಬೈಕ್ ಬೇಡವೆನ್ನುತ್ತಾಳೆ ಅಂದುಕೊಂಡು ಬ್ರೇಕ್ ಒತ್ತಿದೆ.

"ಯಾಕೆ ನಿಲ್ಲಿಸಿದ್ದು?" ಎಂದು ಕೂಗಿದಳು. "ಇನ್ನೊಂದು ಸುತ್ತು ಹೋಗುವ!"

ಹಿಟ್ಟು ಪೂರ್ತಿ ಚೆಲ್ಲಿತು. ಬೈಕ್ ಬುಕ್ ಆಯಿತು.